ಹಳೆಯ ಪಾತ್ರೆ ಒಲೆಯ ಮೇಲೇ ಇರಲಿ

ಎಂಟರ್ ಒತ್ತುವ ಮುನ್ನ ಅವರ ತೋರುಬೆರಳು ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಗೆಣ್ಣಿನ ಮೇಲೆ ಸುಟ್ಟ ಕಲೆ. ಚಿಕ್ಕಂದಿನಲ್ಲಿ, ದಾದರಿನಲ್ಲಿದ್ದ ಅಪ್ಪನ ಹೋಟೆಲಿನಲ್ಲಿ, ಇಡ್ಲಿ ಪಾತ್ರೆಯ ಹಬೆ ತಾಗಿ ಆದದ್ದು. ಪರೇಲಿನ ನಮ್ಮ ಪುಟ್ಟ ಆಫೀಸಿನಲ್ಲಿ ಅವರು ಟೀಮ್ ಲೀಡ್. ಕನ್ನಡ ಬಲ್ಲ ನಮಗೆಲ್ಲ ಅಕ್ಕ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಬಂದವಳು. ‘ಯಾಕೆ?’ ಎಂದು ಕೇಳದೆ ಚಹಾ ಕೂಡ ಕುಡಿಯುತ್ತಿರಲಿಲ್ಲ. ಅಕ್ಕನಿಗೆ ಅದು ಇಷ್ಟವಾಗುತ್ತಿತ್ತು. ಅದರ ಬಗ್ಗೆಯೂ ನನಗೆ ಅನುಮಾನವಿತ್ತು, ಆ ಮಾತು ಬೇರೆ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಸಯನ್‌ನ ಹೋಟೆಲ್ ಮಾಲೀಕರೊಬ್ಬರು ಫೋನ್ ಮಾಡಿದರು. ಆಫೀಸುಗಳಿಗೆ ಅವರು ಕಳಿಸುವ ಊಟಕ್ಕೆ ಆರ್ಡರ್ ಬರುವುದು ನಾವು ಮಾಡಿಕೊಟ್ಟ ವೆಬ್‌ಸೈಟಿನಿಂದ. ಈರುಳ್ಳಿ, ಬೆಳ್ಳುಳ್ಳಿ ಹಾಕದ ಊಟಕ್ಕೆ ಒಂದು ಬಟನ್ ಬೇಕಿತ್ತು, ಆವತ್ತೇ.

“ಅಡುಗೆ ಒಲೆ ಮೇಲುಂಟು ಅಕ್ಕ. ಕಳೆದ ಸಲದ ಹಾಗೆ ಊಟದ ಹೊತ್ತಿಗೆ ಸೈಟ್ ಬಂದ್ ಬಿದ್ರೆ ನಾನು ಬೇರೆಯವರನ್ನ ನೋಡ್ತೇನೆ. ಬೇಜಾರು ಮಾಡ್ಬೇಡಿ.”

ಕಳೆದ ಸಲ ಸೈಟ್ ಇರುವ ಸರ್ವರ್ ಕಂಪ್ಯೂಟರನ್ನು ಪೂರ್ತಿ ಅಳಿಸಿ ಮೊದಲಿಂದ ಇನ್‌ಸ್ಟಾಲ್ ಮಾಡಿದ್ದೆವು. ನಾನು ಆಗಲೂ ಅದರ ಪರವೇ.

ಬಟನ್ ಬರೆದು ಮುಗಿಸಿ ಅಕ್ಕ ಎಂದರು, “ಬದಲಾದದ್ದು ಎರಡು ಫೈಲ್. ಅಷ್ಟೇ ಹಾಕುವ.”

“ಒಂದು ಹೋಗಿ ಇನ್ನೊಂದು ಹೋಗೂದರಾಗ ಯಾರರ ಆರ್ಡರ್ ಮಾಡಿದ್ರ? ಅರ್ಧ ಹಳೇದು, ಅರ್ಧ ಹೊಸಾದು. ಎಲ್ಲಾ ಅಳಿಸಿ ಹಾಕೂದ ಬರೋಬರಿ ಐತ್ರಿ ಅಕ್ಕಾ,” ಎಂದೆ.

“ಸಾಂಬಾರು ಬದಲಿಸ್ಲಿಕ್ಕೆ ಇಡೀ ಹೋಟೆಲ್ ಕೆಡವ್ತೀಯಾ ಮಾರಾಯ್ತಿ?”

“ಮತ್ತ ಹಳೇ ಸಾಂಬಾರದಾಗ ಹೊಸಾದು ಸುರೀತೀರೇನು?”

ಬೆರಳು ಗಾಳಿಯಲ್ಲೇ ನಿಂತಿತು. “ಹೌದು, ಅದು ಪಾಯಿಂಟ್,” ಎಂದರು. ಅಪ್ಪನ ಹೋಟೆಲಿಗೆ ಹೊಸ ಭಟ್ಟರು ಬಂದರೆ ಅವರ ಸಾಂಬಾರು ಬೇರೆ ಪಾತ್ರೆಯಲ್ಲಿ ಕುದಿಯಬೇಕಿತ್ತಂತೆ. ಅಪ್ಪ ರುಚಿ ನೋಡಿದ ಮೇಲಷ್ಟೇ ಬಡಿಸುವವನ ಸೌಟು ಆ ಕಡೆಗೆ. ಊಟದ ಹೊತ್ತು ಮುಗಿಯುವ ತನಕ ಹಳೆಯ ಪಾತ್ರೆ ಮಾತ್ರ ಒಲೆಯಿಂದ ಇಳಿಯುವಂತಿರಲಿಲ್ಲ.

ಹಾಗೇ ಮಾಡಿದೆವು. ಅದೇ ಸರ್ವರಿನಲ್ಲಿ, ಹಳೆಯ ಫೋಲ್ಡರಿನ ಪಕ್ಕ ಇನ್ನೊಂದರಲ್ಲಿ ಹೊಸ ಸೈಟನ್ನು ಇಡಿಯಾಗಿ ಸಿದ್ಧಪಡಿಸಿ, ಪರೀಕ್ಷಿಸಿ, ಗಿರಾಕಿಗಳ ದಾರಿಯನ್ನು ಒಂದೇ ಆಜ್ಞೆಯಿಂದ ಅತ್ತ ತಿರುಗಿಸಿದೆವು. ಹೊಸ ಬಟನ್ ಒತ್ತಿದ ಮೊದಲ ಆರ್ಡರ್ ನನ್ನದೇ. ಹೋಟೆಲಿನ ಅಡುಗೆಮನೆಗೆ ಅದು ಮಾಮೂಲಿ ಊಟವೆಂದು ಹೋಯಿತು. ಈರುಳ್ಳಿ ಬೇಡವೆಂಬ ಸುದ್ದಿಯೇ ಇಲ್ಲ.

“ನೋಡ್ರಿ! ಎಲ್ಲಾ ಅಳಿಸಿ ಹಾಕೂಣು ಅಂತ ನಾ ಹೇಳಿದ್ನಿಲ್ಲೋ!”

“ಗೆದ್ದೆ ಮಾರಾಯ್ತಿ. ಕಪ್ ಆಮೇಲೆ ಕೊಡ್ತೇನೆ.”

ಇಷ್ಟು ಹೇಳುವಷ್ಟರಲ್ಲಿ ಅವರು ದಾರಿಯನ್ನು ಹಳೆಯ ಫೋಲ್ಡರಿಗೆ ಮರಳಿಸಿಯಾಗಿತ್ತು. ಆರ್ಡರುಗಳು ಎಂದಿನಂತೆ ಬರುತ್ತಲೇ ಇದ್ದವು. ತಪ್ಪು ತಿದ್ದಿ ಮತ್ತೆ ತಿರುಗಿಸಿದಾಗ ಎಲ್ಲ ಸರಿಹೋಯಿತು. ಮಾಲೀಕರು ಬೇರೆಯವರನ್ನು ನೋಡಲಿಲ್ಲ. ನಡುವೆ ಏನಾಯಿತೆಂಬುದೂ ಅವರಿಗೆ ತಿಳಿಯಲಿಲ್ಲ. ಮಧ್ಯಾಹ್ನ ನನ್ನ ಆ ಮೊದಲ ಆರ್ಡರ್ ಬಂತು, ಈರುಳ್ಳಿ ಸಮೇತ. ಅಕ್ಕ ಹಪ್ಪಳ ಮುರಿದುಕೊಂಡು ಉಳಿದದ್ದನ್ನು ನನ್ನತ್ತ ತಳ್ಳಿದರು: “ತಗೋ, ನಿನ್ನ ಕಪ್.”

ಈಗ ಅಕ್ಕ ಬೇರೆ ಆಫೀಸಿನಲ್ಲಿದ್ದಾರೆ, ಅವರ ಕುರ್ಚಿಯಲ್ಲಿ ನಾನು. ಎದುರಾಳಿಯ ವಾದವನ್ನು ಪೂರ್ತಿ ನೆಲಸಮ ಮಾಡಿದರೆ ಮಾತ್ರ ಗೆಲುವು ಎಂದು ಸ್ಪರ್ಧೆಗಳು ಕಲಿಸಿದ್ದವು. ಅದನ್ನು ನನ್ನಿಂದ ಬಿಡಿಸಿದವರು ಅವರು. ಶ್ರಾವಣ ಬಂದರೆ ಇಂದಿಗೂ ಅಕ್ಕನ ಫೋನ್ ಬರುತ್ತದೆ:

“ಹಳೇ ಪಾತ್ರೆ ಒಲೆ ಮೇಲುಂಟಲ್ಲ?”

“ಐತ್ರಿ ಅಕ್ಕಾ. ಆದ್ರ ಎಷ್ಟು ಹೊತ್ತು ಇಡಬೇಕು ಅನ್ನೂದರ ಮ್ಯಾಲ ನಂದೊಂದು ತಕರಾರು ಐತಿ.”

“ಹೇಳು,” ಎನ್ನುತ್ತಾರೆ. ಆ ಕಡೆ ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳಿಸುತ್ತದೆ.