ಹದಿನಾರರ ಬೆರಳು

ನಮ್ಮ ವಿಭಾಗದ ಮುಖ್ಯಸ್ಥರ ಎಡಗೈ ತೋರುಬೆರಳು ನಡುಗೆಣ್ಣಿಗೇ ಮುಗಿದಿತ್ತು. ತುದಿ ಸಿಪ್ಪೆ ಸುಲಿದ ಹಲಸಿನ ಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು. ಮುಂಬಯಿಯಲ್ಲಿ ಪಂಚ್ ಕಾರ್ಡಿಗೆ ತೂತು ಹೊಡೆಯುವ ಯಂತ್ರ ಕಚ್ಚಿದ್ದೆಂದು ವಿದ್ಯಾರ್ಥಿಗಳು ಹೇಳುತ್ತಿದ್ದರು. ಕಾರ್ಕಳದ ಮನೆಯ ಬಾವಿಯ ರಾಟೆಗೆ ಸಿಕ್ಕಿದ್ದೆಂದು ಅವರ ತಮ್ಮ. ಅವರಿಗೆ ಇದ್ದದ್ದೇ ಎಂಟು ಬೆರಳು ಎಂದು ಆಣೆ ಮಾಡುವವರೂ ಇದ್ದಾರೆ. ಗಣಕದ ಸೊನ್ನೆ-ಒಂದರ ಎಂಟು ಬಿಟ್‌ಗೆ ಎಂಟು ಬೆರಳು, ಕಥೆ ಚೆನ್ನಾಗಿ ಕೂರುತ್ತದೆ. ಅದಕ್ಕೇ ನನಗೆ ನಂಬಿಕೆಯಿಲ್ಲ. ನಾನು ಎಣಿಸಿದ್ದೇನೆ: ಒಂಬತ್ತೂವರೆ.

ಎಂಬತ್ತರ ದಶಕದ ನಡುವಿನ ವರ್ಷಗಳು. ಮಣಿಪಾಲದಲ್ಲಿ ಒಂದು ಗಣಕ ವಿಭಾಗ. ಅಲ್ಲಿ ಅವರು ಬೆರಳಲ್ಲೇ ಪಾಠ ಮಾಡುತ್ತಿದ್ದರು. ಹೆಬ್ಬೆರಳು ಮಡಿಸಿ ಉಳಿದ ಎಂಟನ್ನು ಮುಂದೆ ಹಿಡಿಯುವುದು. ಎಡಗೈ ಕಿರುಬೆರಳಿಗೆ ನೂರ ಇಪ್ಪತ್ತೆಂಟು, ಮುಂದಿನದಕ್ಕೆ ಅದರ ಅರ್ಧ, ಹಾಗೆಯೇ ಇಳಿಯುತ್ತ ಬಲಗೈ ಕಿರುಬೆರಳಿಗೆ ಒಂದು. ಎದ್ದ ಬೆರಳುಗಳನ್ನು ಕೂಡಿಸಿದರೆ ಸಂಖ್ಯೆ. ಮೋಟು ಬೆರಳಿನ ಪಾಲಿಗೆ ಬಂದದ್ದು ಹದಿನಾರು. ಅದು ಎದ್ದಿದೆಯೋ ಮಲಗಿದೆಯೋ ಹಿಂದಿನ ಬೆಂಚಿಗೆ ತಿಳಿಯುತ್ತಿರಲಿಲ್ಲ. ಹೆಬ್ರಿಯ ಹುಡುಗನೊಬ್ಬ ತಡವರಿಸಿದ. "ಕಾಣುವುದಿಲ್ಲವಾ? ನಿನಗೆ ಪೂರ್ತಿ ಉಂಟಲ್ಲ, ಅದನ್ನು ಹಿಡಿ" ಎಂದು ತೋರುಬೆರಳು ಎತ್ತಿಸಿ ಗಂಟೆಯಿಡೀ ನಿಲ್ಲಿಸಿದರು. ನಾವೆಲ್ಲ ನಕ್ಕೆವು. ನಾನು ಆಗ ಅಲ್ಲಿ ಹಂಗಾಮಿ ಬೋಧಕ, ಜೋರಾಗಿಯೇ ನಕ್ಕಿರಬೇಕು.

ಇನ್ನೊಬ್ಬಳು ಹಂಗಾಮಿ ಬೋಧಕಿ ಕಾಪುವಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಮಾತು ಕೊಂಕಣಿ. ನನಗಿಂತ ಚೆನ್ನಾಗಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಖಾಯಂ ಆಗುವ ಹುದ್ದೆ ಒಂದೇ ಇತ್ತು. ಅದು ಅವಳಿಗೇ ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಯಂತ್ರಗಳನ್ನು ಆಗಷ್ಟೇ ತಂತಿ ಎಳೆದು ಒಂದಕ್ಕೊಂದು ಜೋಡಿಸಿದ್ದರು. ಪ್ರತಿಯೊಂದಕ್ಕೂ ಚುಕ್ಕಿ ಇಟ್ಟು ಬರೆದ ನಾಲ್ಕು ಸಂಖ್ಯೆಗಳ ವಿಳಾಸ. ಮೊದಲ ಮೂರು ಎಲ್ಲಕ್ಕೂ ಒಂದೇ, ಕೊನೆಯದು ಯಂತ್ರದ್ದು. ಮನುಷ್ಯರು ಓದುವ ಆ ಬರಹವನ್ನು ಯಂತ್ರಕ್ಕೆ ಬೇಕಾದ ಮೂವತ್ತೆರಡು ಬಿಟ್ ಮಾಡಿಕೊಡಲು ಸಿಯಲ್ಲಿ ಫಂಕ್ಷನ್ ಎಂಬ ಸಿದ್ಧ ತುಣುಕೊಂದು ಇತ್ತು. ವಿಳಾಸಗಳ ಪುಸ್ತಕ ಮುಖ್ಯಸ್ಥರ ಕೈಬರಹದ್ದು. ಪಂಚ್ ಕಾರ್ಡಿನ ಕಾಲದವರು. ಅಲ್ಲಿ ಅಂಕಿ ಒಂದು ಮನೆ ಸರಿದರೆ ಲೆಕ್ಕವೇ ಕೆಡುತ್ತಿತ್ತು. ಹಾಗಾಗಿ ಏಳನ್ನು 007 ಎಂದೂ ಹದಿನೇಳನ್ನು 017 ಎಂದೂ ಬರೆಯುತ್ತಿದ್ದರು. "ಸಾಲು ನೇರ ನಿಲ್ಲಬೇಕು. ಪುಸ್ತಕದಲ್ಲಿ ಇದ್ದ ಹಾಗೆಯೇ ಒತ್ತಿ. ನಿಮ್ಮ ಬುದ್ಧಿ ಬೇಡ."

ಪರೀಕ್ಷೆಯ ಅಂಕಗಳನ್ನು ಕಚೇರಿಯ ಹೊಸ ಯಂತ್ರಕ್ಕೆ, ಅಂದರೆ ಹದಿನೇಳಕ್ಕೆ, ಕಳಿಸುವ ಪ್ರೋಗ್ರಾಂ ಅವಳು ಬರೆದಳು. ಪುಸ್ತಕ ನೋಡಿ 017 ಎಂದು ಒತ್ತಿದಳು. ಅಂಕಗಳು ಹೋದದ್ದು ಹದಿನೈದಕ್ಕೆ, ವಿದ್ಯಾರ್ಥಿಗಳ ಕೋಣೆಯ ಯಂತ್ರಕ್ಕೆ. ಅಲ್ಲಿಯ ಪ್ರಿಂಟರ್ ಎಲ್ಲವನ್ನೂ ಅಚ್ಚು ಹಾಕಿತು. ಇನ್ನೂ ಯಾರೂ ಸಹಿ ಮಾಡದ ಅಂಕಗಳು ಮಧ್ಯಾಹ್ನದೊಳಗೆ ಕ್ಯಾಂಟೀನಿನ ಗೋಡೆಯ ಮೇಲಿದ್ದವು.

ಮರುದಿನ ವಿಚಾರಣೆ. ಮೇಲಿನವರು ಮೂವರು ಕುಳಿತಿದ್ದರು. ಮುಖ್ಯಸ್ಥರು ಅವಳನ್ನು ಕರಿಹಲಗೆಯ ಮುಂದೆ ನಿಲ್ಲಿಸಿದರು.

"ಹದಿನೇಳು ಎಂತದು, ಬೆರಳಲ್ಲಿ ತೋರಿಸು ಮಾರಾಯ್ತಿ."

ಅವಳು ಎಡಗೈ ತೋರುಬೆರಳು, ಬಲಗೈ ಕಿರುಬೆರಳು ಎತ್ತಿದಳು. ಸರಿಯಾಗಿಯೇ ಇತ್ತು.

"ಗೊತ್ತುಂಟು ನೋಡಿ. ಗೊತ್ತಿದ್ದೂ ಹದಿನೈದು ಒತ್ತಿದ್ದಾಳೆ."

"ಇಲ್ಲ ಸರ್, ನಾನು ಹದಿನೇಳೇ ಒತ್ತಿದ್ದು."

"ಹಾಗಾದರೆ ಯಂತ್ರ ಸುಳ್ಳು ಹೇಳಿತಾ? ಕಾಪುವಿನ ದೀಪಸ್ತಂಭ ಬಂದು ಒತ್ತಿತಾ?"

ಮೂವರಲ್ಲಿ ಒಬ್ಬರು ನಕ್ಕರು. ಇಬ್ಬರು ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದೆ.

ಅದೇ ಸಂಜೆ ನನಗೆ ಕಾರಣ ಸಿಕ್ಕಿತು. ಸಿಯಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಹತ್ತರ ಲೆಕ್ಕದ್ದಲ್ಲ, ಎಂಟರ ಲೆಕ್ಕದ್ದು. ಆ ಫಂಕ್ಷನ್ನೂ ಹಾಗೆಯೇ ಓದುತ್ತಿತ್ತು. 017 ಎಂದರೆ ಒಂದು ಎಂಟು, ಅದರ ಮೇಲೆ ಏಳು: ಹದಿನೈದು. ಅಲ್ಲಿಯವರೆಗೆ ಪ್ರೋಗ್ರಾಂನಿಂದ ಕಳಿಸುತ್ತಿದ್ದದ್ದು ಏಳರೊಳಗಿನ ಯಂತ್ರಗಳಿಗೆ ಮಾತ್ರ. ಎಂಟರ ಲೆಕ್ಕದಲ್ಲೂ ಏಳು ಏಳೇ. ಅವಳು ಒತ್ತಿದ್ದು ಸರಿ. ತಪ್ಪಿದ್ದದ್ದು ಪುಸ್ತಕದ ಸೊನ್ನೆ.

ಓಡಿಹೋಗಿ ಮುಖ್ಯಸ್ಥರಿಗೆ ಹೇಳಿದೆ. ಅವರು ಬಲಗೈಯ ನಾಲ್ಕು ಬೆರಳನ್ನು ನನ್ನ ಮುಖದೆದುರು ಎತ್ತಿದರು. ಎಂಟು, ನಾಲ್ಕು, ಎರಡು, ಒಂದು. ಹದಿನೈದು.

"ನಿಮಗೆ ಗೊತ್ತುಂಟಾ ಸರ್?"

"ನಿನ್ನೆಯೇ ಗೊತ್ತುಂಟು."

"ಅವಳಿಗೆ ಹೇಳುವುದಲ್ವಾ?"

"ನೀನು ಹೇಳು. ಯಾರು ಬೇಡ ಅಂದದ್ದು?" ಪೇಪರ್‌ವೇಟನ್ನು ಮೋಟು ಬೆರಳಿಂದ ತಿರುಗಿಸಿದರು. "ಹುದ್ದೆ ಒಂದೇ ಅಲ್ವಾ ಇರುವುದು?"

ನಾನು ಹೇಳಲಿಲ್ಲ. ವಾರದೊಳಗೆ ಅವಳ ಕೈಗೆ ಪತ್ರ ಕೊಟ್ಟರು. ತಿಂಗಳೊಳಗೆ ನನ್ನ ಕೈಗೂ ಒಂದು ಪತ್ರ. ಖಾಯಂ ಆದ ದಿನವೇ ನಾನು ಹೊಸ ಪುಸ್ತಕ ತಂದು, ಎಲ್ಲ ವಿಳಾಸಗಳನ್ನು ಸೊನ್ನೆ ಬಿಟ್ಟು ಬರೆದಿಟ್ಟೆ. ಅವರು ಪುಟ ತಿರುವಿ, "ಸಾಲು ಸೊಟ್ಟ ಆಯಿತಲ್ಲ" ಎಂದರು. ಅಷ್ಟೇ.

ನನಗೆ ಬರುವ ವಿದ್ಯೆಯೆಲ್ಲ ಅವರದು. ಬಿಟ್‌ಗಳನ್ನು ಕಣ್ಣಲ್ಲೇ ಓದುವುದು, ಯಾರು ಬರೆದದ್ದನ್ನೂ ನಂಬದಿರುವುದು. ಮೂವತ್ತು ಜನರ ತರಗತಿಯಲ್ಲಿ ಯಾರನ್ನು ಎಬ್ಬಿಸಿ ನಿಲ್ಲಿಸಿದರೆ ಉಳಿದವರು ನಗುತ್ತಾರೆ ಎಂದು ಗುರುತಿಸುವುದೂ ಅವರಿಂದಲೇ ಬಂತು.

ಅವರು ತೀರಿಕೊಂಡದ್ದು ಅದಾಗಿ ಮೂರು ವರ್ಷಕ್ಕೆ. ಕಾರ್ಕಳದ ಮನೆಯ ಜಗಲಿಯಲ್ಲಿ ಮಲಗಿಸಿ, ಹೆಬ್ಬೆರಳುಗಳನ್ನು ದಾರದಿಂದ ಕಟ್ಟಿ, ಕೈಗಳನ್ನು ಎದೆಯ ಮೇಲಿಟ್ಟಿದ್ದರು. ಎಂಟು ಬೆರಳು ಹೊರಗಿದ್ದವು. ಹದಿನಾರು ಎದ್ದಿತ್ತೋ ಮಲಗಿತ್ತೋ, ಹತ್ತಿರದಿಂದಲೂ ತಿಳಿಯಲಿಲ್ಲ.

ಅವಳೂ ಬಂದಿದ್ದಳು. ಕಾಪುವಿನಲ್ಲೇ ಟೈಪಿಂಗ್ ಕಲಿಸುತ್ತಿದ್ದಾಳಂತೆ. ನನ್ನನ್ನೂ ನನ್ನ ಹೆಂಡತಿಯನ್ನೂ ನೋಡಿ ನಕ್ಕಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದಳು: "ಸರ್ ಮೇಲೆ ನನಗೆ ಎಂತ ಸಿಟ್ಟೂ ಇಲ್ಲ. ಹದಿನೇಳೇ ಒತ್ತಿದ್ದೇನೆ ಅಂತ ನನಗೆ ಈಗಲೂ ನೆನಪುಂಟು. ಆದರೆ ಎಲ್ಲೋ ನನ್ನ ಕೈ ತಪ್ಪಿರಬೇಕು, ಅಲ್ವಾ?"

ನಾನು "ಇರಬಹುದು" ಎಂದೆ ಎಂಬುದು ನನ್ನ ನೆನಪು. ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿ ಹೇಳುತ್ತಾಳೆ, ನಾನು ಒಂದು ಕ್ಷಣವೂ ತಡೆಯದೆ "ಹೌದು" ಅಂದೆನಂತೆ.