ಮಾವ ಹೆಣೆದ ಕುಲಾವಿಗಳು

ಹೊಸ ಉಲ್ಲನ್ನಿಗೆ ಒಂದು ವಾಸನೆಯಿದೆ. ಒಣಹುಲ್ಲು, ಸೀಮೆಎಣ್ಣೆ, ನುಸಿಗುಳಿಗೆ ಮೂರೂ ಬೆರೆತ ಹಾಗೆ. ಹೋದ ಚಳಿಗಾಲದಲ್ಲಿ ಒಂದು ಸಂಜೆ ಸೀರೆಗೆ ಫಾಲ್ಸ್ ಕೊಳ್ಳಲೆಂದು ಚಾಮರಾಜನಗರದ ಅಂಗಡಿ ಬೀದಿಗೆ ಹೋಗಿದ್ದೆ. ಅಂಗಡಿಯವನು ಮೇಲಿನ ಖಾನೆಯಿಂದ ಏನನ್ನೋ ಇಳಿಸುವಾಗ ಒಂದು ಪ್ಲಾಸ್ಟಿಕ್ ಚೀಲ ಹರಿದು, ಏಳೆಂಟು ಉಲ್ಲನ್ ಉಂಡೆಗಳು ಗಾಜಿನ ಮೇಜಿನ ಮೇಲೆ ಉರುಳಿದವು. "ಇದನ್ನ ಈಗ ಯಾರೂ ಕೇಳಲ್ಲ ಮೇಡಂ, ಎಲ್ಲಾ ರೆಡಿಮೇಡ್" ಎಂದು ಅವನು ಅವನ್ನು ಒಟ್ಟುಮಾಡತೊಡಗಿದ. ನಾನು ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಹಾಗೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಅವನು ಎರಡು ಸಲ ಕರೆಯಬೇಕಾಯಿತು. ನಿಮಗೂ ಹೀಗೆ ಆಗಿರಬಹುದು. ಎಲ್ಲೋ ಒಂದು ವಾಸನೆ ಬಂದು, ಈಗ ಇಲ್ಲದ ಮನೆಯ ನಡುವೆ ನಿಮ್ಮನ್ನು ತಂದು ನಿಲ್ಲಿಸಿರಬಹುದು.

ನಮ್ಮದು ಚಂದಕವಾಡಿಯ ಕಡೆಯ ಸಣ್ಣ ಹಳ್ಳಿ. ಅಲ್ಲಿ ನಾಲ್ಕನೇ ತರಗತಿಯವರೆಗೆ ಮಾತ್ರ ಸ್ಕೂಲಿತ್ತು. ಐದನೆಯದಕ್ಕೆ, ಹತ್ತು ವರ್ಷದ ನನ್ನನ್ನು ಗುಂಡ್ಲುಪೇಟೆಗೆ, ಅವ್ವನ ತವರಿಗೆ ಕಳಿಸಿದರು. ಊಟಿ ರಸ್ತೆಗೆ ಮುಖ ಮಾಡಿದ ಹೆಂಚಿನ ಮನೆ. ಮುಂದೆ ಜಗುಲಿ, ಒಳಗೆ ನಡುಮನೆ, ಅದರ ಬಲಕ್ಕೆ ಹುಣಸೆಹಣ್ಣು, ಹುರುಳಿ ಮೂಟೆ ಇಡುವ ಕೋಣೆ. ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ಹೋದಾಗಲೆಲ್ಲ ಹೆಂಚುಗಳು ಸಣ್ಣಗೆ ಅದುರುತ್ತಿದ್ದವು. ಹೂವಿನ ಕಾಲದಲ್ಲಿ ಚೆಂಡುಹೂವಿನ ಘಾಟು ಅಡುಗೆಮನೆಯವರೆಗೂ ಬಂದು ಸಾರಿನ ಒಗ್ಗರಣೆಯನ್ನೂ ಮೀರಿ ನಿಲ್ಲುತ್ತಿತ್ತು. ಅಲ್ಲಿದ್ದವರು ಅಜ್ಜಿ, ಸೋದರಮಾವ ಮಾದಪ್ಪ, ಅವರ ಹೆಂಡತಿ ರಾಜಮ್ಮತ್ತೆ. ಮನೆಯಲ್ಲಿ ಮಗುವೆಂದರೆ ನಾನೊಬ್ಬಳೇ.

ಮಾವ ಊಟಿಗೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರು. ಆರಡಿ ಆಳು, ಹಣೆಗೆ ವಿಭೂತಿ, ತುಟಿ ಮುಚ್ಚುವ ಮೀಸೆ. ಅವರು ಸೀಟಿ ಊದಿದರೆ ಬಂಡೀಪುರದ ಆನೆಗಳೂ ದಾರಿ ಬಿಡುತ್ತವೆಂದು ನಾನು ಸ್ಕೂಲಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಅಂಥ ಮನುಷ್ಯ ರಜೆಯ ದಿನ ಮೂಟೆಗಳ ಕೋಣೆಯಲ್ಲಿ, ಸಣ್ಣ ಕಿಟಕಿಯ ಪಕ್ಕ ಕೂತು, ಎರಡು ಸ್ಟೀಲಿನ ಕಡ್ಡಿ ಹಿಡಿದು ಉಲ್ಲನ್ ಹೆಣೆಯುತ್ತಿದ್ದರು. ಊಟಿ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವೆಟರ್ ಅಂಗಡಿ ಇಟ್ಟಿದ್ದ ಒಬ್ಬ ತಮಿಳು ಮುದುಕಿ ಅವರಿಗೆ ಇದನ್ನು ಕಲಿಸಿದ್ದಳು. ಬಸ್ಸು ವಾಪಸು ಹೊರಡುವುದಕ್ಕೆ ಎರಡು ಗಂಟೆ ಇರುತ್ತಿತ್ತು. ಆ ಹೊತ್ತು ಅವರು ಅವಳ ಅಂಗಡಿಯಲ್ಲಿ ಕೂರುತ್ತಿದ್ದರು. ಯಾಕೆ ಕಲಿತಿರೆಂದು ಕೇಳಿದ್ದಕ್ಕೆ, "ಕೈ ಸುಮ್ನಿದ್ರೆ ಚಳಿ ಜಾಸ್ತಿ ಆಯ್ತದಂತೆ ಕಣಮ್ಮಿ, ಆಯಮ್ಮ ಅಂಗಂದ್ಳು" ಎಂದರು.

ಅಜ್ಜಿಗೆ ಇದು ಒಗ್ಗಲೇ ಇಲ್ಲ. "ಮೀಸೆ ಒತ್ತ ಗಂಡ್ಸು ಕಡ್ಡಿ ಇಡ್ಕಂಡು ಕುಂತ್ರೆ ಊರ್ನೋರು ಏನಂದಾರ್ಲಾ" ಎಂದು ಆಗಾಗ ಗೊಣಗುತ್ತಿದ್ದರು. ಮಾವ ಕಡ್ಡಿ ತೆಗೆದ ಕೂಡಲೇ ಅತ್ತೆ ಆ ಕೋಣೆಯ ಬಾಗಿಲನ್ನು ಎಳೆದು ಮುಂದೆ ಮಾಡಿ ತಮ್ಮ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಒಳಗೆ ನಾನು ಮತ್ತು ಮಾವ. ಉಲ್ಲನ್ನಿನ ಲಡಿಯನ್ನು ಎರಡು ಕೈಗೂ ಬಳೆಯ ಹಾಗೆ ತೊಟ್ಟು ನಾನು ಕೂರುತ್ತಿದ್ದೆ, ಅವರು ಅದನ್ನು ಉಂಡೆ ಸುತ್ತುತ್ತಿದ್ದರು. ಕುಣಿಕೆಗಳನ್ನು ಎಣಿಸುವುದೂ ನನ್ನ ಕೆಲಸವೇ. ಹುಣಸೆಯ ಹುಳಿ ವಾಸನೆ, ಉಲ್ಲನ್ನಿನ ವಾಸನೆ, ಅವರ ಖಾಕಿ ಅಂಗಿಯ ಡೀಸೆಲ್ ವಾಸನೆ ಎಲ್ಲ ಸೇರಿ ಆ ಕೋಣೆಗೆ ತನ್ನದೇ ಆದ ಹವೆ ಇತ್ತು. ಅವರು ಹೆಣೆಯುತ್ತಿದ್ದದ್ದು ಎಳೆಮಕ್ಕಳ ಬಟ್ಟೆ ಮಾತ್ರ. ಗಲ್ಲದ ಕೆಳಗೆ ಕಟ್ಟುವ ಕುಲಾವಿ, ಹೆಬ್ಬೆರಳಿನಷ್ಟು ಉದ್ದದ ಕಾಲುಚೀಲ, ಅಂಗೈಯಗಲದ ಸ್ವೆಟರು.

ಹೆಣೆದದ್ದನ್ನೆಲ್ಲ ಟಿಕೆಟಿನ ಚರ್ಮದ ಚೀಲಕ್ಕೆ ತುರುಕಿಕೊಂಡು ಡ್ಯೂಟಿಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಕೂಸನ್ನು ಬರಿಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹತ್ತಿದರೆ, ಟಿಕೆಟಿನ ಜೊತೆಗೆ ಒಂದು ಕುಲಾವಿಯನ್ನೋ ಸ್ವೆಟರನ್ನೋ ಕೊಡುತ್ತಿದ್ದರು. ಕೇಳಿದವರಿಗೆ, "ನಮ್ಮನೆಯವ್ಳು ಎಣೆದಿರಾದು" ಎನ್ನುತ್ತಿದ್ದರು. ಮೊದಮೊದಲು ಇದು ಮನೆಗೆ ಗೊತ್ತಿರಲಿಲ್ಲ. ಒಂದು ದಿನ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಸಿದ್ದಮ್ಮ ಎಂಬಾಕೆ, ಸ್ವೆಟರು ತೊಟ್ಟ ಗಂಡುಕೂಸನ್ನು ಕಂಕುಳಲ್ಲಿಟ್ಟುಕೊಂಡು, ಮನೆ ಹುಡುಕಿಕೊಂಡು ಬಂದಳು. ಅತ್ತೆಯ ಕೈಗೆ ಒಂದು ಸೇರು ಹುಚ್ಚೆಳ್ಳು ಕೊಟ್ಟು, "ನಿಮ್ಮ ಕೈ ತಣ್ಣಗಿರ್ಲಿ ಅವ್ವಾ" ಎಂದು ಹೋದಳು. ಅತ್ತೆ ಆ ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದು ನನಗೆ ನೆನಪಿದೆ. ಆಮೇಲೆ ಸುದ್ದಿ ಹಬ್ಬಿತು. ಜೀವಮಾನದಲ್ಲಿ ಒಂದು ಕುಣಿಕೆ ಹಾಕದ ರಾಜಮ್ಮತ್ತೆ ಬೀದಿಯಲ್ಲೆಲ್ಲ ಉಲ್ಲನ್ ಕೆಲಸಕ್ಕೆ ಹೆಸರಾದರು. ಹೆಂಗಸರು ನಲ್ಲಿಯ ಹತ್ತಿರ ನಿಲ್ಲಿಸಿ, ಹೇಳಿಕೊಡಿ ಎಂದು ಕೇಳುವರು. ಅತ್ತೆ ಕಣ್ಣುನೋವು ಎನ್ನುವರು, ರಾಗಿ ಹಸನು ಮಾಡುವುದಿದೆ ಎನ್ನುವರು.

ಪಕ್ಕದ ಮನೆಯ ಸುಶೀಲಮ್ಮ ಟೀಚರನ್ನು ಮಾತ್ರ ತಪ್ಪಿಸಿಕೊಳ್ಳುವುದಾಗಲಿಲ್ಲ. ಅವರ ಮಗಳು ಹೆರಿಗೆಗೆ ಬಂದಿದ್ದಳು. ಒಂದು ಭಾನುವಾರ ಮಧ್ಯಾಹ್ನ ಕಡ್ಡಿ, ಉಲ್ಲನ್ ಎಲ್ಲ ತೆಗೆದುಕೊಂಡು ಬಂದು ನಡುಮನೆಯಲ್ಲಿ ಕೂತೇಬಿಟ್ಟರು. ಮಾವ ಡ್ಯೂಟಿಯಲ್ಲಿದ್ದರು. "ಮೊದಲನೇ ಸಾಲು ಹಾಕಿಕೊಡಿ ರಾಜಮ್ಮ, ಸಾಕು. ಮುಂದಿನದು ನಾನು ನೋಡ್ಕೊಂಡು ಮಾಡ್ತೀನಿ" ಎಂದರು. ಅತ್ತೆ ಕಡ್ಡಿಗಳನ್ನು ತೆಗೆದುಕೊಂಡರು. ಒಲೆಯಿಂದ ಕೊಳ್ಳಿ ಎಳೆಯುವವರು ಹಿಡಿಯುವ ಹಾಗೆ ಹಿಡಿದರು. ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅತ್ತೆ ಕಡ್ಡಿಗಳನ್ನು ಕೆಳಗಿಟ್ಟು, "ನಂಗೆ ಬರಕಿಲ್ಲ ಟೀಚ್ರೆ. ಒಂದ್ ಕುಣಿಕೆನೂ ಬರಕಿಲ್ಲ. ಅಷ್ಟೂವೆ ನಮ್ಮನೆಯವ್ರು ಮಾಡಿರಾದು" ಎಂದರು. ಸುಶೀಲಮ್ಮ ನಗಲಿಲ್ಲ. ಕಾಫಿ ಕುಡಿದು ಎದ್ದುಹೋದರು. ಮಾರನೆಯ ದಿನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು.

ಬಸ್ಸಿನಲ್ಲಿ ಪಡ್ಡೆ ಹುಡುಗರು "ಒಂದು ಊಟಿ ಟಿಕೆಟು, ಜೊತೇಲೊಂದು ಕುಲಾವಿ" ಎಂದು ಕೇಳತೊಡಗಿದರು. ಡಿಪೋದಲ್ಲಿ ಮಾವನ ಹೆಸರು ಕುಲಾವಿ ಮಾದಪ್ಪ ಎಂದಾಯಿತು. ಅವರೂ ಎಲ್ಲರ ಜೊತೆ ನಕ್ಕರಂತೆ. ಮನೆಗೆ ಬಂದು ಕಡ್ಡಿ, ಉಲ್ಲನ್, ಅರ್ಧ ಹೆಣೆದ ಒಂದು ಕಾಲುಚೀಲ ಎಲ್ಲವನ್ನೂ ಬಟ್ಟೆಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆದರು. "ನಾನು ಏಳ್ಬಾರ್ದಾಗಿತ್ತು" ಎಂದರು ಅತ್ತೆ. ಮಾವ, "ನೀನು ನಿಜ ಏಳ್ದೆ. ಸುಳ್ಳು ಏಳಿದ್ದು ನಾನು, ಬುಡು" ಎಂದರು. ಅವರಿಬ್ಬರಲ್ಲಿ ಜಗಳವಾಗಲಿಲ್ಲ. ಆದರೆ ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ, ರಜೆಯ ದಿನ ಬಂತೆಂದರೆ, ಮಾವ ಎರಡು ಅಂಗೈಯನ್ನೂ ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಜಗುಲಿಯಲ್ಲಿ ಲಾರಿಗಳನ್ನು ನೋಡುತ್ತಾ ಕೂತಿರುತ್ತಿದ್ದರು. ಮೂಟೆಗಳ ಕೋಣೆಗೆ ಹೋಗಲು ನನಗೂ ಕಾರಣವಿರಲಿಲ್ಲ.

ಅವರೆಕಾಯಿಯ ಕಾಲದಲ್ಲಿ ಸಿದ್ದಮ್ಮ ಮತ್ತೆ ಬಂದಳು. ಗಂಡುಮಗು ನಡೆದುಬರುತ್ತಿತ್ತು, ಹೆಗಲ ಮೇಲೆ ಹೊಸ ಕೂಸು. ಅವಳಿಗೆ ಪೇಟೆಯ ಮಾತು ಯಾವುದೂ ಮುಟ್ಟಿರಲಿಲ್ಲ. ಮಡಿಲಿನಿಂದ ಆ ಹಳೆಯ ಸ್ವೆಟರು ತೆಗೆದು, "ಇದು ಇವ್ನು ಆಕಂಡಿದ್ದು. ಈಗ ಇವ್ಳ್ಗೆ ಆಕಮಾ ಅಂದ್ರೆ ತೋಳು ಬುಟ್ಕಂಡದೆ. ಒಸಿ ಸರಿ ಮಾಡ್ಕೊಡಿ ಅವ್ವಾ" ಎಂದಳು. ಅತ್ತೆ ಕೂಸನ್ನು ಎತ್ತಿಕೊಂಡರು. ಅವರು ಎಳೆಗೂಸನ್ನು ಎತ್ತಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಲವು ನಿಮಿಷ ಹಾಗೇ ನಿಂತಿದ್ದು, ಕೂಸನ್ನು ವಾಪಸು ಕೊಟ್ಟು, ಏಣಿ ಹತ್ತಿ ಅಟ್ಟದಿಂದ ಚೀಲ ಇಳಿಸಿ ಧೂಳು ಕೊಡವಿದರು. ಬೀದಿ ಬಾಗಿಲಿನ ಎರಡು ಕದವನ್ನೂ ತೆರೆದು, ನಡುಮನೆಯ ಕಬ್ಬಿಣದ ಕುರ್ಚಿಯನ್ನು ತಂದು ಜಗುಲಿಯಲ್ಲಿ ಹಾಕಿದರು.

ಮಾವ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದರು. "ಬನ್ನಿ ಇಲ್ಲಿ" ಎಂದು ಅತ್ತೆ ಕರೆದರು. ಮಾವ ಬಂದು, ಸ್ವೆಟರು ನೋಡಿ, ಕುರ್ಚಿ ನೋಡಿ, "ಒಳಕ್ಕೆ ಕೊಡು, ಮಾಡ್ಕೊಡ್ತೀನಿ" ಎಂದರು.

"ಒಳ್ಗೆ ಕತ್ಲು. ಇಲ್ಲೇ ಕೂತ್ಕಳಿ, ಬೆಳಕು ಚೆನ್ನಾಗದೆ."

ಮಾವ ಹೊಸ್ತಿಲಲ್ಲಿ ನಿಂತರು. ಹೊರಗೆ ಜನ ಓಡಾಡುವ ಹೊತ್ತು. ಅತ್ತೆ ಮೊರದ ತುಂಬ ಅವರೆಕಾಯಿ ತಂದು, ಕುರ್ಚಿಯ ಪಕ್ಕದಲ್ಲಿ ಬೀದಿಗೆ ಎದುರಾಗಿ ಕೂತು ಸುಲಿಯತೊಡಗಿದರು. ಆಮೇಲೆ ಮಾವ ಬಂದು ಕುರ್ಚಿಯಲ್ಲಿ ಕೂತರು. ಮೊದಲ ಸಾಲಿಗೆ ಅವರ ಬೆರಳು ತಡವರಿಸಿದವು, ಎಣಿಕೆ ತಪ್ಪಿತು, ನಾನು ಸರಿಮಾಡಿದೆ. ಹೋಗುವವರು ಬರುವವರು ನಿಂತು ನೋಡಿದರು. ಅತ್ತೆ ಕೈಯಲ್ಲಿ ಕಾಯಿ ಬಿಡಿಸುತ್ತಲೇ ಅವರನ್ನು ತಿರುಗಿ ನೋಡಿದರು, ಅವರು ಕಣ್ಣು ತಪ್ಪಿಸಿ ಮುಂದೆ ಹೋಗುವವರೆಗೂ. ಅಜ್ಜಿ ಒಂದು ಸಲ ಇಣುಕಿ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ತೋಳು ಮುಗಿದಿತ್ತು. ಅತ್ತೆ ಒಂದು ಮೊರ ಮುಗಿಸಿ ಇನ್ನೊಂದು ಮೊರಕ್ಕೆ ಕೈಹಾಕಿದ್ದರು.

ಅಲ್ಲಿಂದ ಮುಂದೆ ಹೆಣಿಗೆಯೆಲ್ಲ ಜಗುಲಿಯ ಮೇಲೆಯೇ. ಸುಶೀಲಮ್ಮ ಬಂದು ಕಲಿತುಕೊಂಡರು. ಡಿಪೋದಲ್ಲಿ ನಗುತ್ತಿದ್ದ ಒಬ್ಬ ಡ್ರೈವರೇ ತನಗೊಂದು ಮಂಕಿ ಕ್ಯಾಪು ಬೇಕೆಂದು ಕೇಳಿದ. "ದೊಡ್ಡೋರ್ಗೆ ಅಂಗ್ಡೀಲಿ ಸಿಕ್ತದೆ ಓಗ್ಲಾ" ಎಂದು ಮಾವ ಕಳಿಸಿದರು. ಹತ್ತನೇ ತರಗತಿ ಮುಗಿಸಿ ನಾನು ಆ ಮನೆ ಬಿಟ್ಟೆ. ಅಜ್ಜಿ ಹೋದರು. ಮಾವ ನಿವೃತ್ತರಾದ ಎರಡನೆಯ ವರ್ಷ, ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ರಸ್ತೆ ಅಗಲ ಮಾಡಿದಾಗ ಜಗುಲಿಯೂ ನಡುಮನೆಯೂ ಹೋದವು. ಉಳಿದ ತುಂಡಿನಲ್ಲಿ ಈಗ ಯಾರೋ ಚಿಪ್ಸ್ ಕರಿಯುತ್ತಾರೆ. ಅತ್ತೆ ಚಾಮರಾಜನಗರಕ್ಕೆ, ನನ್ನ ಮನೆಗೆ ಬಂದರು.

ಅವರ ಕೊನೆಯ ವರ್ಷದಲ್ಲಿ, ಒಂದು ಮಧ್ಯಾಹ್ನ ಊಟವಾದ ಮೇಲೆ, ಮಾವ ಯಾಕೆ ಎಳೆಮಕ್ಕಳಿಗೆ ಬಿಟ್ಟು ಬೇರೆ ಯಾರಿಗೂ ಹೆಣೆಯಲಿಲ್ಲವೆಂದು ಸುಮ್ಮನೆ ಕೇಳಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನಂಗೊಂದು ಎಣ್ಣುಕೂಸು ಉಟ್ಟಿತ್ತು ಕಣಮ್ಮಿ, ನೀನು ಗುಂಡ್ಲುಪೇಟೆಗೆ ಬರಾ ಎರಡು ವರ್ಸ ಮುಂಚೆ. ಇಪ್ಪತ್ತು ದಿನ ಇತ್ತು" ಎಂದರು. ಚಳಿಯಲ್ಲಿ ಅದಕ್ಕೆ ಜ್ವರ ಬಂದಿತ್ತು. ಡ್ಯೂಟಿಗೆ ಹೋಗಿದ್ದ ಮಾವ ಊಟಿಯಲ್ಲಿ ಆ ಮುದುಕಿಯ ಅಂಗಡಿಯಿಂದ ಒಂದು ಕುಲಾವಿ ಕೊಂಡುತಂದಿದ್ದರು. ಅವರು ಬಂದು ಇಳಿಯುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮುಂದಿನ ಸಲ ಹೋದಾಗ ಕುಲಾವಿಯನ್ನು ವಾಪಸು ಕೊಡಲು ಹೋದರು. ಮುದುಕಿ ತೆಗೆದುಕೊಳ್ಳಲಿಲ್ಲ. ಅವರನ್ನು ಕೂರಿಸಿಕೊಂಡು, ಅದನ್ನು ಬಿಚ್ಚುವುದು ಹೇಗೆಂದು ತೋರಿಸಿದಳು. ಪೂರ್ತಿ ಬಿಚ್ಚಿದ ಮೇಲೆ ಅವರ ಕೈಗೆ ಎರಡು ಕಡ್ಡಿ ಕೊಟ್ಟಳು.

"ಮೊದ್ಲು ಬಿಚ್ಚಾದು ಕಲ್ತ್ರು, ಆಮೇಲೆ ಎಣೆಯಾದು" ಎಂದು ಅತ್ತೆ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಕೂಸಿಗೆ ಹೆಸರಿಟ್ಟಿರಲಿಲ್ಲವಂತೆ. ಅಜ್ಜಿಯಾಗಲಿ ಅವ್ವನಾಗಲಿ ಈ ವಿಷಯ ನನ್ನ ಹತ್ತಿರ ಎಂದೂ ಎತ್ತಿರಲಿಲ್ಲ. ಈಗ ಅವರೂ ಇಲ್ಲ, ಅತ್ತೆಯೂ ಇಲ್ಲ. ಆ ಹುಡುಗಿ ಉಳಿದಿದ್ದರೆ ನನಗಿಂತ ಎಂಟು ವರ್ಷ ಚಿಕ್ಕವಳು. ಅಂಥವಳೊಬ್ಬಳು ಇಪ್ಪತ್ತು ದಿನ ಇದ್ದಳೆಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಅದಕ್ಕೇ ಇದನ್ನು ಬರೆದೆ.