ಹರವಿಯ ಬುಡದಲ್ಲಿ ತಿಳಿಯಾದ ಹಾಲು

ನಾನು ನಿವೃತ್ತಳಾಗುವುದಕ್ಕೆ ಹಿಂದಿನ ಬೇಸಿಗೆ. ಸಿಂದಗಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಲಡಾಖ್‌ನಲ್ಲಿದ್ದ ಗೆಳತಿಯೊಬ್ಬಳು ಐಸ್ ಪೆಟ್ಟಿಗೆಯಲ್ಲಿ ಒಂದು ಹಿಡಿ ಮಣ್ಣು ಕಳಿಸಿದ್ದಳು. ಹಿಮದಡಿಯ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಹೊಟ್ಟೆಗೇನು ಮಾಡಿಕೊಳ್ಳುತ್ತವೆ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇತ್ತು. ಆಹಾರವನ್ನು ಒಡೆದು ಅರಗಿಸಲು ಅವಕ್ಕೆ ಚಳಿಯಲ್ಲೂ ದುಡಿಯುವ ಎಂಜೈಮ್ ಬೇಕು. ಅಂಥದ್ದು ಸಿಕ್ಕರೆ ತಣ್ಣೀರಿನಲ್ಲೇ ಬಟ್ಟೆಯ ಕಲೆ ತೆಗೆಯಬಹುದು.

ಹುಡುಕುವ ಕೆಲಸ ನಾಲತವಾಡದ ಸುಜಾತಾಳದು, ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಹಾಲು ಬೆರೆಸಿ ಹೆಪ್ಪುಗಟ್ಟಿಸಿದ ಅಗರ್ ಲೋಳೆಯ ತಟ್ಟೆಗಳಿಗೆ ಮಣ್ಣಿನ ನೀರು ಸವರಿ ಫ್ರಿಜ್ಜಿನಲ್ಲಿಟ್ಟಳು. ಮೂರು ವಾರಕ್ಕೆ ಒಂದು ಹಳದಿ ಚುಕ್ಕೆಯ ಸುತ್ತ ಹಾಲಿನ ಬಿಳುಪು ಕರಗಿ ತಿಳಿಯಾದ ಉಂಗುರ ಮೂಡಿತು. ಎಂಜೈಮ್ ಇದೆ ಎಂದಾಯಿತು. ನಾವಿಬ್ಬರೂ ಕುಣಿಯುವುದೊಂದು ಬಾಕಿ.

ಮುಂದಿನ ಪರೀಕ್ಷೆ ಸರಳ. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಹಾಲಿದ್ದ ನಳಿಕೆಗೆ ಹಾಕಿ, ಅರ್ಧ ತಾಸು ಮೇಜಿನ ಮೇಲಿಟ್ಟರೆ ಹಾಲು ತಿಳಿಯಾಗಬೇಕು. ಯಾವುದೋ ಥಂಡಿ ದೇಶದಲ್ಲಿ ಬರೆದ ಕೈಪಿಡಿ ಹಾಗೆ ಹೇಳುತ್ತಿತ್ತು. ಏಳು ಸಲ ಮಾಡಿದರೂ ಹಾಲು ಬೆಳ್ಳಗೇ ಉಳಿಯಿತು. ವರದಿ ಸಲ್ಲಿಸಲು ನಾಲ್ಕೇ ದಿನ. ನನ್ನ ಸಿಟ್ಟೋ, ಯಾವಾಗಲೂ ಮೂಗಿನ ತುದಿಯಲ್ಲೇ.

“ನಿನ್ನ ಕೈಯಾಗ ಏನೋ ತಪ್ಪೈತಿ. ಎಂಜೈಮ್ ಇಲ್ಲ ಅಂತ ಬರದು ಕೊಡು. ತಟ್ಟಿ ಎಲ್ಲಾ ಕುದಿಸಿ ಚೆಲ್ಲು,” ಎಂದುಬಿಟ್ಟೆ.

“ಉಂಗುರ ನೀವೂ ನೋಡೀರಲ್ರಿ ಮೇಡಂ,” ಎಂದಳು. ಕಣ್ಣು ತುಂಬಿದ್ದವು. ಚೆಲ್ಲಿದರೆ ಅವಳ ವರ್ಷದ ದುಡಿಮೆ ಹೋದಂತೆ. ಇನ್ನೊಂದು ಹಿಡಿ ಮಣ್ಣು ಸಿಗುವಂತಿರಲಿಲ್ಲ.

ಗಾಜಿನ ಸಾಮಾನು ತೊಳೆಯಲು ದಿನಾ ಆಲಮೇಲದಿಂದ ಬಸ್ಸಿಗೆ ಬರುತ್ತಿದ್ದ ಹುಸೇನಬೀ ಅಲ್ಲೇ ಇದ್ದರು.

“ಅಕ್ಕಾರ, ನನ್ನ ಮಜ್ಜಿಗಿ ಚರಗಿನೂ ನಾ ಆ ಟೇಬಲ್ ಮ್ಯಾಲ ಇಡೂದಿಲ್ರಿ, ತಾಸಿನ್ಯಾಗ ಹುಳಿ ಆಗತೈತಿ. ಕುಡಿಯೂ ನೀರಿನ ಹರವಿ ಬುಡಕ್ಕ ಹಸಿ ಉಸುಕಿನ್ಯಾಗ ಇಡತೇನಿ. ಬರ್ಫಿನ ಊರಿಂದ ಬಂದಿದ್ದನ್ನ ಅಲ್ಲಿ ಕುಂದರಸೀರಿ, ಅದು ಬದುಕತೈತೇನ್ರಿ?”

ಮೇಜಿನ ಮೇಲೆ ಥರ್ಮಾಮೀಟರ್ ಇಟ್ಟೆ. ನಲವತ್ತೊಂದು ಡಿಗ್ರಿ! ಬರ್ನರಿನ ಜ್ವಾಲೆ ಅಲುಗಬಾರದೆಂದು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೆಲಸ ಮಾಡುವುದು ನಮ್ಮ ಪದ್ಧತಿ. ಚಳಿಯ ಎಂಜೈಮಿನ ಕಟ್ಟು ಸಡಿಲ. ಅದಕ್ಕೇ ಅದು ಥಂಡಿಯಲ್ಲಿ ಚುರುಕು, ಬಿಸಿ ತಾಗಿದರೆ ಬಿಚ್ಚಿಹೋಗುತ್ತದೆ. ವರ್ಷಗಟ್ಟಲೆ ಇದನ್ನೇ ಪಾಠ ಮಾಡಿದವಳು ನಾನು. ಆದರೆ ಇಲ್ಲೇ ಪಕ್ಕದ ಇಂಡಿ ಊರಿನ ಬಿಸಿಲಲ್ಲಿ ಹುಟ್ಟಿ ಬೆಳೆದವಳಿಗೆ ಆ ಝಳ ಲೆಕ್ಕಕ್ಕೇ ಬಂದಿರಲಿಲ್ಲ. ನಾಚಿಕೆಯಾಯಿತು.

ಮೂಲೆಯಲ್ಲಿದ್ದ ಮಣ್ಣಿನ ಹರವಿಯಿಂದ ಜಿನುಗಿದ ನೀರಿಗೆ ಅದರ ಬುಡದ ಉಸುಕು, ಅಂದರೆ ಮರಳು, ಇಪ್ಪತ್ತಾರು ಡಿಗ್ರಿ ತೋರಿಸಿತು. ಎರಡು ನಳಿಕೆ ಹೂತೆವು: ಒಂದರಲ್ಲಿ ಬರೀ ಹಾಲು, ಇನ್ನೊಂದರಲ್ಲಿ ಹಾಲು ಮತ್ತು ಸೋಸಿದ ದ್ರವ. ಮೂವರೂ ನೆಲಕ್ಕೆ ಕುಳಿತು ಕಾದೆವು. ಅರ್ಧ ತಾಸಿಗೆ ಎರಡನೆಯ ನಳಿಕೆಯ ಆಚೆ ಹಿಡಿದ ಸುಜಾತಾಳ ಬೆರಳು ಕಾಣಿಸಿತು.

“ತಪ್ಪು ನಿನ್ನ ಕೈದಲ್ಲ ತಂಗಿ, ನನ್ನ ತಲೀದು,” ಎಂದೆ.

ವರದಿಯ ವಿಧಾನದ ಪುಟದಲ್ಲಿ ಅವಳು ‘ಹರವಿಯ ಬುಡದ ಹಸಿ ಉಸುಕು, 26 ಡಿಗ್ರಿ, ಸಲಹೆ: ಹುಸೇನಬೀ’ ಎಂದು ಬರೆದಿದ್ದಳು. ಒಂದಕ್ಷರವನ್ನೂ ಹೊಡೆದುಹಾಕದೆ ಸಹಿ ಹಾಕಿದೆ. ಅಂದಿನಿಂದ ನಿವೃತ್ತಿಯ ದಿನದವರೆಗೂ, ಯಾರ ಕೈಯನ್ನಾದರೂ ದೂರುವ ಮೊದಲು ಮೇಜಿನ ಮೇಲೆ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದೆ.